ಕರೆದ ಹೆಸರಿಗೆ ಓಗೊಡುವವರು

ಗ್ಯಾಂಡಾಲ್ಫ್ ಎಂಬ ಹೆಸರನ್ನು ಜೆ. ಆರ್. ಆರ್. ಟೋಲ್ಕಿನ್ ತಾವಾಗಿ ಕಟ್ಟಿದ್ದಲ್ಲ. ಹಳೆಯ ನಾರ್ಸ್ ಭಾಷೆಯ ‘ವೊಲುಸ್ಪಾ’ ಎಂಬ ಕಾವ್ಯದಲ್ಲಿ ಕುಬ್ಜರ ಹೆಸರುಗಳ ಉದ್ದನೆಯ ಪಟ್ಟಿಯೊಂದಿದೆ. ಥೋರಿನ್, ಡ್ವಾಲಿನ್, ಬೊಂಬೂರ್, ಫಿಲಿ, ಕಿಲಿ ಎಲ್ಲರೂ ಅಲ್ಲಿಂದಲೇ ಬಂದವರು. ‘ಕೋಲು ಹಿಡಿದ ಯಕ್ಷ’ ಎಂಬಂಥ ಅರ್ಥದ ಗ್ಯಾಂಡಾಲ್ಫ್ ಕೂಡ ಆ ಪಟ್ಟಿಯಲ್ಲಿ ಒಬ್ಬ ಕುಬ್ಜ, ಅಷ್ಟೇ. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಕಾದಂಬರಿಯ ಮೊದಮೊದಲ ಕರಡಿನಲ್ಲಿ ಈ ಹೆಸರು ಇದ್ದದ್ದು ಕುಬ್ಜರ ನಾಯಕನಿಗೆ. ನಾವು ಇಂದು ಗ್ಯಾಂಡಾಲ್ಫ್ ಎಂದು ಬಲ್ಲ ಮಾಂತ್ರಿಕನನ್ನು ಆಗ ಬ್ಲಾಡೋರ್ಥಿನ್ ಎಂದು ಕರೆಯುತ್ತಿದ್ದರು. ಬರವಣಿಗೆ ಮುಂದುವರಿದಂತೆ ಹೆಸರು ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಹತ್ತಿಕೊಂಡಿತು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಫ್ರೋಡೋ ಮೊದಲಿಗೆ ಬಿಂಗೋ ಆಗಿದ್ದ, ಮುಂದೆ ಅರಸನಾಗುವ ಆರಗಾರ್ನ್, ಮರದ ಪಾದುಕೆ ಮೆಟ್ಟಿಕೊಂಡು ತಿರುಗುವ ಟ್ರಾಟರ್ ಎಂಬ ಹಾಬಿಟ್ ಆಗಿದ್ದ. ಇಷ್ಟೆಲ್ಲ ಗೊತ್ತಾದ ಮೇಲೂ, ಆ ಬಿಳಿಗಡ್ಡದ ಮುದುಕನಿಗೆ ಬೇರೊಂದು ಹೆಸರಿಟ್ಟು ನೋಡಿ ಎಂದರೆ ಓದುಗರ ಮನಸ್ಸು ಒಪ್ಪುವುದಿಲ್ಲ. ಆ ಹೆಸರು ಅವನಿಗೆ ಹುಟ್ಟಿನಿಂದಲೇ ಬಂದದ್ದೆಂಬ ಭಾವ ಅಷ್ಟು ಗಟ್ಟಿ. ಈ ಭಾವ ಎಲ್ಲಿಂದ ಬರುತ್ತದೆ? ಹೆಸರಿನೊಳಗೆ ವ್ಯಕ್ತಿಯ ಸತ್ವ ಅಡಗಿದೆಯೇ, ಅಥವಾ ಹೆಸರು ಬರಿಯ ಗುರುತಿನ ಚೀಟಿಯೇ? ತತ್ವಶಾಸ್ತ್ರದಷ್ಟೇ ಹಳೆಯದಾದ ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಅತ್ಯಂತ ಶ್ರದ್ಧೆಯಿಂದ ಎತ್ತಿಕೊಂಡಿರುವುದು ಫ್ಯಾಂಟಸಿ ಕಾದಂಬರಿಗಳ ಸರಣಿಗಳು.

ಪ್ಲೇಟೋನ ‘ಕ್ರಾಟಿಲಸ್’ ಸಂವಾದ ಶುರುವಾಗುವುದೇ ಈ ಜಗಳದಿಂದ. ವಸ್ತುವಿಗೂ ಹೆಸರಿಗೂ ಸಹಜವಾದ ನಂಟಿದೆ ಎನ್ನುವ ಕ್ರಾಟಿಲಸ್, ಎದುರಿಗೆ ಕುಳಿತ ಹರ್ಮೊಜಿನಿಸ್‌ಗೆ, ಊರೆಲ್ಲ ಹಾಗೆ ಕರೆದರೂ ಅದು ನಿನ್ನ ಹೆಸರೇ ಅಲ್ಲ ಎಂದುಬಿಡುತ್ತಾನೆ. ಹರ್ಮೊಜಿನಿಸ್‌ನ ಪ್ರಕಾರ ಹೆಸರು ಜನ ಒಪ್ಪಿಕೊಂಡ ರೂಢಿ, ಅದಕ್ಕಿಂತ ಹೆಚ್ಚೇನಲ್ಲ. ನಮ್ಮಲ್ಲಿ ಮೀಮಾಂಸಕರು ಶಬ್ದಾರ್ಥಗಳ ಸಂಬಂಧ ನಿತ್ಯ ಎಂದು ವಾದಿಸಿದರು. ಆದರೆ ವೇದದಲ್ಲೇ ‘ಬಬರ ಪ್ರಾವಾಹಣಿ’ ಎಂಬ ವ್ಯಕ್ತಿಯ ಹೆಸರು ಎದುರಾದಾಗ ಅವರಿಗೆ ಇಕ್ಕಟ್ಟಾಯಿತು: ಹುಟ್ಟಿ ಸಾಯುವ ಮನುಷ್ಯನ ಹೆಸರು ಅನಾದಿಯಾದ ವೇದದಲ್ಲಿ ಬಂದದ್ದು ಹೇಗೆ? ಶಬರಸ್ವಾಮಿ ಕೊಟ್ಟ ಉತ್ತರ ಕುತೂಹಲಕರವಾದದ್ದು. ಅದು ಯಾವ ವ್ಯಕ್ತಿಯೂ ಅಲ್ಲ, ಬೀಸುವ ಗಾಳಿ; ‘ಬಬರ’ ಎಂಬುದು ಗಾಳಿಯ ಸದ್ದಿನ ಅನುಕರಣೆ ಎಂದರು ಅವರು. ನಿತ್ಯತ್ವವನ್ನು ಉಳಿಸಿಕೊಳ್ಳಲು ಹೆಸರಿನ ಹಿಂದಿದ್ದ ಮನುಷ್ಯನನ್ನೇ ಬಿಟ್ಟುಕೊಡಬೇಕಾಯಿತು ಎನ್ನುವುದನ್ನು ಗಮನಿಸಬೇಕು. ವೈಯಾಕರಣರು ಇಷ್ಟು ದೂರ ಹೋಗಲಿಲ್ಲ. ಡಿತ್ಥ, ಡವಿತ್ಥ ಎಂಬಂಥ, ಇಟ್ಟವರ ಇಚ್ಛೆಯನ್ನು ಬಿಟ್ಟು ಬೇರೆ ಆಧಾರವಿಲ್ಲದ ಹೆಸರುಗಳಿಗೆ ‘ಯದೃಚ್ಛಾ ಶಬ್ದ’ ಎಂಬ ಪ್ರತ್ಯೇಕ ಜಾಗವನ್ನೇ ಮಾಡಿಕೊಟ್ಟರು. ಬೌದ್ಧರಂತೂ ಇದನ್ನು ಕಥೆಯಾಗಿಸಿದರು. ನಾಮಸಿದ್ಧಿ ಜಾತಕದಲ್ಲಿ ‘ಪಾಪಕ’ ಎಂಬ ಶಿಷ್ಯ ಒಳ್ಳೆಯ ಹೆಸರನ್ನು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಜೀವಕ ಎಂಬುವನು ಸತ್ತು ಹೆಣವಾಗಿದ್ದಾನೆ. ಧನಪಾಲಿ ಎಂಬ ದಾಸಿ ದುಡಿದ ಹಣ ತರಲಿಲ್ಲವೆಂದು ಏಟು ತಿನ್ನುತ್ತಿದ್ದಾಳೆ. ಪಂಥಕ ಎಂಬುವನು ದಾರಿ ತಪ್ಪಿ ಅಲೆಯುತ್ತಿದ್ದಾನೆ. ಪಾಪಕ ತನ್ನ ಹೆಸರನ್ನೇ ಇಟ್ಟುಕೊಂಡು ಗುರುವಿನ ಬಳಿಗೆ ಮರಳುತ್ತಾನೆ.

ನಮ್ಮ ಲೋಕದಲ್ಲಿ ಜಾತಕದ ಮಾತೇ ಗೆದ್ದಂತೆ ಕಾಣುತ್ತದೆ. ಆದರೆ ಕಾದಂಬರಿಯ ಲೋಕ ಬೇರೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಅಲ್ಲಿ ಹೆಸರಿಡುವವನೇ ಸೃಷ್ಟಿಕರ್ತ. ಜೆ. ಕೆ. ರೌಲಿಂಗ್ ಅವರ ರೀಮಸ್ ಲೂಪಿನ್ ತೋಳಮನುಷ್ಯ. ಒಂದು ಹೆಸರು ರೋಮಿನ ಪುರಾಣದಲ್ಲಿ ತೋಳದ ಹಾಲು ಕುಡಿದ ಶಿಶುವಿನದು, ಇನ್ನೊಂದು ತೋಳಕ್ಕಿರುವ ಲ್ಯಾಟಿನ್ ಪದದಿಂದ ಬಂದದ್ದು. ಅವನನ್ನು ತೋಳಮನುಷ್ಯ ಕಚ್ಚಿದ್ದು ಅವನು ಚಿಕ್ಕ ಹುಡುಗನಾಗಿದ್ದಾಗ, ಹೆಸರಿಟ್ಟ ಎಷ್ಟೋ ಕಾಲದ ಮೇಲೆ. ಹಾಗಾದರೆ ಹಣೆಬರಹ ಹೆಸರಲ್ಲೇ ಬರೆದಿತ್ತಲ್ಲವೇ? ನ್ಯಾಯಶಾಸ್ತ್ರ ಈ ಬಗೆಯ ಯೋಚನೆಯನ್ನು ಮೊದಲೇ ಮಾಡಿತ್ತು. ಇಂಥ ಪದದಿಂದ ಇಂಥ ಅರ್ಥ ತಿಳಿಯಲಿ ಎಂಬ ಈಶ್ವರೇಚ್ಛೆಯೇ ಪದದ ಶಕ್ತಿ ಎನ್ನುವ ನೈಯಾಯಿಕರಿಗೆ, ನಿನ್ನೆ ಮೊನ್ನೆ ಹುಟ್ಟಿದ ಮಗುವಿನ ಹೆಸರು ತೊಡಕಾಯಿತು. ಹನ್ನೊಂದನೆಯ ದಿನ ತಂದೆ ಹೆಸರಿಡಲಿ ಎಂಬ ವಿಧಿಯಲ್ಲೇ ಈಶ್ವರನ ಇಚ್ಛೆ ಅಡಗಿರುವುದರಿಂದ ಆ ಹೆಸರಿಗೂ ಶಕ್ತಿಯುಂಟು ಎಂದು ವಿಶ್ವನಾಥ ಪಂಚಾನನರು ‘ಸಿದ್ಧಾಂತ ಮುಕ್ತಾವಳಿ’ಯಲ್ಲಿ ಸಮಾಧಾನ ಹೇಳಿದರು. ಇದು ಜಾಣತನದ ಉತ್ತರ ಮಾತ್ರವಲ್ಲ, ಆಳವಾದದ್ದೂ ಹೌದು. ಈಶ್ವರ ಹೆಸರನ್ನು ಆರಿಸುವುದಿಲ್ಲ. ಹೆಸರಿಡುವ ಸಂಬಂಧಕ್ಕೆ ಒಪ್ಪಿಗೆ ಕೊಡುತ್ತಾನೆ. ಕಾದಂಬರಿಕಾರನ ವಿಷಯದಲ್ಲೂ ಎರಡು ಬಗೆಯ ಹೆಸರಿಡುವಿಕೆಯನ್ನು ಬೇರ್ಪಡಿಸಿ ನೋಡಬೇಕು. ಲೂಪಿನ್ ಎಂಬುದು ಲೇಖಕಿ ಪಾತ್ರದ ತಲೆಯ ಮೇಲಿಂದ ಓದುಗನಿಗೆ ಮಾಡಿದ ಸನ್ನೆ. ಪಾತ್ರಕ್ಕೆ ಅದು ಗೊತ್ತಿಲ್ಲ, ಗೊತ್ತಾಗಿ ಪ್ರಯೋಜನವೂ ಇಲ್ಲ. ಲೂಪಿನ್ ನಮಗೆ ಪ್ರಿಯನಾಗುವುದು ಆ ಸನ್ನೆಯಿಂದಲ್ಲ, ಅದನ್ನು ಮೀರಿ ಅವನು ಒಳ್ಳೆಯ ಮೇಷ್ಟ್ರಾದದ್ದರಿಂದ. ಒಗಟಿನಂತೆ ಬಿಡಿಸಿ ಮುಗಿಸಬಹುದಾದ ಇಂಥ ಹೆಸರುಗಳು ಈ ಸಾಹಿತ್ಯದ ಮೇಲ್ಪದರ ಮಾತ್ರ ಎಂದು ನನಗನ್ನಿಸುತ್ತದೆ. ಹೆಸರಿನ ನಿಜವಾದ ಪರೀಕ್ಷೆ ನಡೆಯುವುದು ಪಾತ್ರವೇ ತನ್ನ ಹೆಸರಿನೊಡನೆ ಸೆಣಸುವಲ್ಲಿ.

ಟೋಲ್ಕಿನ್ ಅವರ ಟೂರಿನ್ ಹಾಗೆ ಸೆಣಸಿದವನು. ತಂದೆಯ ಮೇಲೆ ಬಿದ್ದ ಶಾಪ ತನ್ನನ್ನು ಹೆಸರು ಹಿಡಿದೇ ಹುಡುಕಿಕೊಂಡು ಬರುತ್ತಿದೆ ಎಂಬ ಭಯದಲ್ಲಿ ಅವನು ಊರೂರಿಗೆ ಹೆಸರು ಬದಲಿಸುತ್ತಾನೆ. ಅನ್ಯಾಯಕ್ಕೊಳಗಾದವನು ಎಂಬರ್ಥದ ನೈಥಾನ್, ಭೀಕರ ಶಿರಸ್ತ್ರಾಣದ ಗೊರ್ಥೊಲ್, ರಕ್ತದ ಕಲೆ ಹೊತ್ತ ಅಗರ್ವಾಯೆನ್. ಕೊನೆಗೆ ವಿಧಿಯನ್ನೇ ಗೆದ್ದವನು ಎಂಬ ಹೆಮ್ಮೆಯಿಂದ ಟುರಾಂಬಾರ್. ನಾರ್ಗೊಥ್ರಾಂಡ್‌ನಲ್ಲಿ ಗೆಳೆಯ ಗ್ವಿಂಡೋರ್ ಅವನ ಮೂಲ ಹೆಸರನ್ನು ಬಾಯಿಬಿಟ್ಟಾಗ, ನನ್ನ ವಿಧಿಗೆ ನನ್ನನ್ನು ಹಿಡಿದುಕೊಟ್ಟೆ ಎಂದು ಟೂರಿನ್ ಸಿಡಿದೇಳುತ್ತಾನೆ. ವಿಧಿ ಇರುವುದು ನಿನ್ನೊಳಗೆ, ನಿನ್ನ ಹೆಸರಿನಲ್ಲಲ್ಲ ಎಂಬ ಆಶಯದ ಉತ್ತರ ಗ್ವಿಂಡೋರ್‌ನದು. ಜೀವಮಾನವಿಡೀ ಹೆಸರುಗಳನ್ನು, ಭಾಷೆಗಳನ್ನು ಕಟ್ಟಿದ ಲೇಖಕ ಈ ಮಾತನ್ನು ಬರೆದದ್ದಕ್ಕೆ ತುಂಬ ತೂಕವಿದೆ. 1914ರಲ್ಲಿ ಒಂದು ಹಳೆಯ ಇಂಗ್ಲಿಷ್ ಕಾವ್ಯದ ‘ಎಯರೆಂಡೆಲ್’ ಎಂಬ ಒಂದೇ ಹೆಸರಿನ ಬೆನ್ನು ಹತ್ತಿ ತಮ್ಮ ಪುರಾಣವನ್ನೆಲ್ಲ ಬೆಳೆಸಿದವರು ಅವರು. ಹೆಸರು ಮೊದಲು, ಕಥೆ ಆಮೇಲೆ ಎಂದು ನಂಬಿದವರು. ಅಂಥವರ ಅತ್ಯಂತ ದುರಂತದ ಕಥೆಯಲ್ಲಿ ಹೆಸರು ಬದಲಿಸಿದವನು ಪಾರಾಗುವುದಿಲ್ಲ. ಮರೆವಿನ ಮಾಟಕ್ಕೆ ಸಿಕ್ಕ ತನ್ನ ತಂಗಿಯನ್ನೇ ಗುರುತಿಸದೆ, ಕಣ್ಣೀರಿನ ಹುಡುಗಿ ಎಂಬರ್ಥದ ನೀನಿಯಲ್ ಎಂಬ ಹೆಸರಿಟ್ಟು ಮದುವೆಯಾಗುತ್ತಾನೆ. ಅಣ್ಣ ತಂಗಿಯರಲ್ಲಿ ಒಬ್ಬರ ನಿಜವಾದ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿದ್ದರೆ ಆ ಅನರ್ಥ ಆಗುತ್ತಲೇ ಇರಲಿಲ್ಲ. ಹೆಸರು ವಿಧಿಯಲ್ಲ ಎಂದಮಾತ್ರಕ್ಕೆ ಅದು ಏನೂ ಅಲ್ಲ ಎಂದಾಗದು. ಅದು ಅಣ್ಣನನ್ನು ತಂಗಿಗೆ, ಮಗನನ್ನು ತಂದೆಗೆ ತೋರಿಸಿಕೊಡುವ ದಾರಿ. ಟೂರಿನ್ ಕಳಚಿಕೊಂಡದ್ದು ಆ ದಾರಿಯನ್ನೇ.

ಇಲ್ಲಿಂದ ನನ್ನ ವಾದ ಒಂದು ನೆಲೆಗೆ ಬರುತ್ತದೆ. ಹೆಸರಿನ ಸತ್ಯ ಅಕ್ಷರಗಳಲ್ಲೂ ಇಲ್ಲ, ಹೊತ್ತವನ ಒಳಗೂ ಇಲ್ಲ. ಒಬ್ಬರು ಕರೆದು ಇನ್ನೊಬ್ಬರು ಓಗೊಡುವ ನಡುವೆ ಅದು ಹುಟ್ಟುತ್ತದೆ. ಇದಕ್ಕೆ ಅತಿ ದೊಡ್ಡ ಎದುರುಸಾಕ್ಷಿ ಎನಿಸುವುದು ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿ. ಆ ದ್ವೀಪಲೋಕದಲ್ಲಿ ಪ್ರತಿಯೊಂದಕ್ಕೂ ಸೃಷ್ಟಿಯ ಭಾಷೆಯಲ್ಲಿ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಹತೋಟಿ ಸಿಗುತ್ತದೆ. ಇದು ಬರಿಯ ಕಲ್ಪನೆಯಲ್ಲ. ಈಜಿಪ್ಟಿನ ಕಥೆಯಲ್ಲಿ ಐಸಿಸ್ ಸೂರ್ಯದೇವ ರಾನಿಗೆ ಹಾವು ಕಚ್ಚಿಸಿ ಅವನ ಗುಪ್ತನಾಮವನ್ನು ಹೊರಡಿಸುತ್ತಾಳೆ. ಆಶ್ವಲಾಯನ ಗೃಹ್ಯಸೂತ್ರ ಉಪನಯನದವರೆಗೆ ತಂದೆತಾಯಿಗೆ ಮಾತ್ರ ಗೊತ್ತಿರಬೇಕಾದ ಹೆಸರೊಂದನ್ನು ವಿಧಿಸುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಟ್ಟು ಯಮನ ಕಣ್ಣು ತಪ್ಪಿಸುತ್ತಿದ್ದ ನಮ್ಮ ಹಳ್ಳಿಗಳ ತಾಯಂದಿರೂ ಇದೇ ನಂಬಿಕೆಯವರು. ಲೆ ಗ್ವಿನ್ ಅವರಿಗೆ ಇದು ಮನೆಯಲ್ಲೇ ಸಿಕ್ಕ ತಿಳಿವಳಿಕೆ. ಅವರ ತಂದೆ, ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್, 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಂಟಿಯಾಗಿ ಹೊರಬಂದ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯನಿಗೆ ‘ಇಶಿ’ ಎಂದು ಹೆಸರಿಟ್ಟವರು. ಆ ಬುಡಕಟ್ಟಿನ ಭಾಷೆಯಲ್ಲಿ ಅದರ ಅರ್ಥ ಮನುಷ್ಯ ಎಂದಷ್ಟೇ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಜನರ ರೂಢಿಗೆ ಹೊಂದದ್ದು. ಅವನ ಪರವಾಗಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. 1916ರಲ್ಲಿ ಅವನು ತೀರಿಕೊಂಡಾಗ ಅವನ ನಿಜವಾದ ಹೆಸರು ಯಾರಿಗೂ ತಿಳಿಯಲಿಲ್ಲ. ಲೆ ಗ್ವಿನ್ ಅವರ ತಾಯಿ ಥಿಯೊಡೋರಾ 1961ರಲ್ಲಿ ಅವನ ಬದುಕಿನ ಕಥೆಯನ್ನು ಪುಸ್ತಕವಾಗಿಸಿದರು. ಏಳು ವರ್ಷಗಳ ಮೇಲೆ, 1968ರಲ್ಲಿ, ಅರ್ಥ್‌ಸೀಯ ಮೊದಲ ಕಾದಂಬರಿ ಬಂತು.

ಆ ಕಾದಂಬರಿಯನ್ನು ಸೂಕ್ಷ್ಮವಾಗಿ ನೋಡಿದರೆ ನಿಜನಾಮ ಎಂಬುದು ಹತೋಟಿಯ ಸಾಧನವಾಗಿ ಕೆಲಸ ಮಾಡುವ ಸಂದರ್ಭಗಳಿಗೂ ನಂಟಾಗಿ ಕೆಲಸ ಮಾಡುವ ಸಂದರ್ಭಗಳಿಗೂ ಅಂತರ ಕಾಣುತ್ತದೆ. ನಾಯಕ ಗೆಡ್ ಪೆಂಡರ್ ದ್ವೀಪದ ಡ್ರಾಗನ್ನಿನ ಹೆಸರನ್ನು ಹಳೆಯ ಚರಿತ್ರೆಗಳಿಂದ ಊಹಿಸಿ ಅದನ್ನು ಕಟ್ಟಿಹಾಕುತ್ತಾನೆ. ಅದು ಗೆಲುವು, ಆದರೆ ಅವನ ಸಂಕಟವನ್ನು ಅದು ಒಂದಿಷ್ಟೂ ಇಳಿಸುವುದಿಲ್ಲ. ಅವನನ್ನು ಬದುಕಿಸುವುದು ಬೇರೆ. ಗರ್ವದಿಂದ ನೆರಳಿನ ಜೀವಿಯೊಂದನ್ನು ಲೋಕಕ್ಕೆ ಬಿಟ್ಟು, ಗಾಯಗೊಂಡು, ಎಲ್ಲರಿಗೂ ಹೊರಗಾಗಿ ನಿಂತಾಗ ಗೆಳೆಯ ವೆಚ್ ಕೇಳದೆಯೇ ತನ್ನ ನಿಜನಾಮವನ್ನು ಅವನಿಗೆ ಕೊಡುತ್ತಾನೆ. ಆ ಲೋಕದಲ್ಲಿ ಹಾಗೆ ಕೊಡುವುದೆಂದರೆ ಜೀವವನ್ನೇ ಕೈಗಿಟ್ಟಂತೆ. ಕೊನೆಗೆ ಗೆಡ್ ಆ ನೆರಳನ್ನು ಎದುರಿಸಿ ತನ್ನದೇ ಹೆಸರಿನಿಂದ ಕರೆದಾಗ ನೆರಳೂ ಅದೇ ಹೆಸರಿನಿಂದ ಅವನನ್ನು ಕರೆಯುತ್ತದೆ. ಅಲ್ಲಿ ಯಾರೂ ಯಾರನ್ನೂ ಆಳುವುದಿಲ್ಲ; ಕರೆದವನೂ ಓಗೊಟ್ಟವನೂ ಒಬ್ಬನೇ ಎಂದು ತಿಳಿಯುತ್ತದೆ. ಗೆಡ್ ಎಂಬ ಹೆಸರಿಗೆ ಲೆ ಗ್ವಿನ್ ಯಾವ ಭಾಷೆಯ ನಿಘಂಟಿನಿಂದಲೂ ಅರ್ಥ ಎರವಲು ತಂದಿಲ್ಲ. ಅದು ಡಿತ್ಥನಂತೆ ಯದೃಚ್ಛಾ ಶಬ್ದ. ಆದರೂ ಆ ಪುಟಕ್ಕೆ ಬರುವ ಹೊತ್ತಿಗೆ ಅದರಷ್ಟು ಅರ್ಥ ತುಂಬಿದ ಪದ ಪುಸ್ತಕದಲ್ಲಿ ಇನ್ನೊಂದಿಲ್ಲ.

ಹೆಸರು ಇನ್ನೊಬ್ಬರು ಕೊಡುವಂಥದು ಎಂದರೆ, ಅವಮಾನಿಸಲೆಂದೇ ಕೊಟ್ಟ ಹೆಸರಿನ ಗತಿಯೇನು ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳಕರವೂ ಶೂದ್ರನ ಹೆಸರು ಹೇಯವೂ ಆಗಿರಲಿ ಎಂದು ವಿಧಿಸಿತು. ಹೆಸರಿನಲ್ಲಿ ಸತ್ವವಿದೆ ಎಂಬ ತತ್ವ ಸಮಾಜಕ್ಕೆ ಇಳಿದಾಗ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷಿ ಬೇಡ. ಮೊದಲು ಹೇಯವಾದ ಹೆಸರು, ಆಮೇಲೆ ಅದೇ ಹೆಸರು ಅವನ ಸ್ವಭಾವಕ್ಕೆ ಪುರಾವೆ. ಫ್ಯಾಂಟಸಿ ಕಾದಂಬರಿಗಳು ಈ ಹಿಂಸೆಯನ್ನು ಬಲ್ಲವು. ಅರ್ಥ್‌ಸೀ ಸರಣಿಯ ‘ದಿ ಟೂಂಬ್ಸ್ ಆಫ್ ಅಟುವಾನ್’ನಲ್ಲಿ ಟೆನಾರ್ ಎಂಬ ಎಳೆಯ ಹುಡುಗಿಯನ್ನು ಕತ್ತಲ ದೇವತೆಗಳ ಪೂಜಾರಿಣಿಯಾಗಿಸುವಾಗ ವಿಧಿವತ್ತಾಗಿ ಅವಳ ಹೆಸರನ್ನು ಕಸಿದು, ನುಂಗಲ್ಪಟ್ಟವಳು ಎಂಬರ್ಥದ ‘ಅರ್ಹಾ’ ಎಂಬುದನ್ನು ಹೊರಿಸುತ್ತಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’ನಲ್ಲಿ ಚಿತ್ರಹಿಂಸೆಗೊಳಗಾದ ಥಿಯಾನ್‌ಗೆ ಅವನ ಯಜಮಾನ ಕೊಟ್ಟ ಹೆಸರು ರೀಕ್, ಅಂದರೆ ದುರ್ನಾತ, ಬೇರೆ ಹೆಸರಿಗೆ ಓ ಎಂದರೆ ಬೆರಳು ಹೋಗುತ್ತದೆ ಎಂಬ ಭಯದಲ್ಲಿ ಅವನು ಅದನ್ನೇ ಜಪಿಸುತ್ತಾನೆ. ಅವನ ಅಧ್ಯಾಯಗಳ ಶೀರ್ಷಿಕೆ ರೀಕ್ ಎಂದು ಶುರುವಾಗಿ, ಹಲವು ಬಿರುದುಗಳನ್ನು ದಾಟಿ, ಕೊನೆಗೆ ಥಿಯಾನ್ ಎಂಬಲ್ಲಿಗೆ ಬರುತ್ತದೆ. ಎರಡು ಕಡೆಯೂ ಹೆಸರು ಕೊಟ್ಟವರು ಉತ್ತರವನ್ನು ಬಯಸಲಿಲ್ಲ, ಅಧೀನತೆಯನ್ನು ಬಯಸಿದರು. ಟೆನಾರ್‌ಗೆ ಅವಳ ಹೆಸರನ್ನು ಮರಳಿ ಕೊಡುವ ಗೆಡ್ ಆ ಹೊತ್ತಿಗೆ ಅವಳ ಸೆರೆಯಾಳು. ಅವಳನ್ನು ಒತ್ತಾಯಿಸುವ ಸ್ಥಿತಿಯಲ್ಲೇ ಅವನಿಲ್ಲ. ಹೆಸರು ಸಲ್ಲುತ್ತದೋ ಇಲ್ಲವೋ ಎಂಬುದನ್ನು ಕರೆಸಿಕೊಂಡವನಿಗೆ ಒಲ್ಲೆ ಎನ್ನುವ ಅವಕಾಶ ಉಂಟೇ ಎಂಬುದರಿಂದ ಅಳೆಯಬೇಕು.

ಹಾಗಾದರೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವವನೇ ಸ್ವತಂತ್ರನೇ? ರೌಲಿಂಗ್ ಅವರ ಖಳನಾಯಕ ಹಾಗೆ ನಂಬಿದ್ದ. ಟಾಮ್ ಎಂಬ ಹೆಸರಿನವರು ಬೇಕಾದಷ್ಟಿದ್ದಾರೆ ಎಂಬ ತಿರಸ್ಕಾರದಿಂದ ತನ್ನ ಹೆಸರಿನ ಅಕ್ಷರಗಳನ್ನೇ ಕದಲಿಸಿ ವೋಲ್ಡೆಮಾರ್ಟ್ ಎಂದು ಕಟ್ಟಿಕೊಂಡ. ಯಾರೂ ಉಚ್ಚರಿಸಲು ಧೈರ್ಯಮಾಡದ ಹೆಸರು ಅವನಿಗೆ ಬೇಕಿತ್ತು. ಕೊನೆಯ ಪುಸ್ತಕದಲ್ಲಿ ಆ ಹೆಸರನ್ನು ಯಾರಾದರೂ ಆಡಿದರೆ ಅವರನ್ನು ಪತ್ತೆಹಚ್ಚುವ ಮಾಟವೂ ಬರುತ್ತದೆ. ಕರೆಯಲಾಗದ ಹೆಸರು ಕರೆಯಬಂದವನಿಗೆ ಬೋನಾಯಿತು. ಇದನ್ನು ನೋಡಿ, ಹಳೆಯ ಹೆಸರನ್ನು ಬಿಟ್ಟವರೆಲ್ಲ ಅಹಂಕಾರಿಗಳು ಎಂದುಕೊಂಡರೆ ಘೋರ ಅನ್ಯಾಯವಾಗುತ್ತದೆ. ಗುಲಾಮರ ಒಡೆಯರು ತನ್ನ ಪೂರ್ವಿಕರಿಗೆ ಅಂಟಿಸಿದ ಮನೆತನದ ಹೆಸರನ್ನು ತೆಗೆದು ಎಕ್ಸ್ ಎಂದು ಬರೆದುಕೊಂಡ ಮಾಲ್ಕಮ್ ಎಕ್ಸ್ ಅಹಂಕಾರದಿಂದ ಹಾಗೆ ಮಾಡಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಪರಂಪರೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ ಎಂದು ಕರೆದದ್ದನ್ನು ನೆನೆಯಬೇಕು. ಊರು ಹೇಯವೆಂದ ಕಸುಬನ್ನು ಹೆಸರಿನಿಂದ ಅಳಿಸಲಿಲ್ಲ; ಅದರ ಕೊನೆಗೆ ‘ಅಯ್ಯ’ ಎಂಬ ಮರ್ಯಾದೆಯನ್ನು ಸೇರಿಸಿದರು. ವೋಲ್ಡೆಮಾರ್ಟ್ ಹೊಸ ಹೆಸರು ತೆಗೆದುಕೊಂಡದ್ದು ಇತರರ ಬಾಯಿ ಕಟ್ಟಲು. ಇವರಿಗೆ ಹೆಸರು ಬಂದದ್ದು ಸರೀಕರ ನಡುವೆ ತಲೆಯೆತ್ತಿ ಓಗೊಡಲು.

ಧರ್ಮದ ಕಡೆಯಿಂದ ಬರುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಾಮದಲ್ಲೇ ಶಕ್ತಿಯಿದೆ, ಭಾವ ಇರಲಿ ಇಲ್ಲದಿರಲಿ ಎನ್ನುವ ಭಕ್ತರಿಗೆ ಭಾಗವತದ ಆರನೆಯ ಸ್ಕಂಧದ ಅಜಾಮಿಳ ಆಧಾರ. ದಾರಿ ತಪ್ಪಿ ಬಾಳಿದ ಅವನು ಸಾವಿನ ಭಯದಲ್ಲಿ ಕಿರಿಮಗನನ್ನು ನಾರಾಯಣಾ ಎಂದು ಕೂಗಿದ. ವಿಷ್ಣುದೂತರು ಬಂದು ಯಮದೂತರನ್ನು ತಡೆದರು. ಅಕ್ಷರಗಳ ಬಲವೇ ಕೆಲಸ ಮಾಡಿತು ಎಂದು ವ್ಯಾಖ್ಯಾನಿಸುವವರ ಶ್ರದ್ಧೆಯನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಕಥೆಯನ್ನು ಪೂರ್ತಿ ಓದಿದರೆ ಬೇರೊಂದೂ ಕಾಣುತ್ತದೆ. ಆ ಕೂಗು ಹೊರಟದ್ದು ಒಬ್ಬ ತಂದೆಯ ಮಮತೆಯಿಂದ, ಮತ್ತು ಅದಕ್ಕೆ ಓಗೊಟ್ಟವನು ಕರೆಯನ್ನು ತನ್ನದೆಂದು ಒಪ್ಪಿಕೊಳ್ಳಲು ತಾನೇ ಮನಸ್ಸು ಮಾಡಿದ. ಅಷ್ಟರಿಂದ ಅಜಾಮಿಳನ ಕಥೆ ಮುಗಿಯುವುದಿಲ್ಲ. ಅವನು ಪಶ್ಚಾತ್ತಾಪಪಟ್ಟು ಗಂಗಾದ್ವಾರಕ್ಕೆ ಹೋಗಿ ಸಾಧನೆಗೆ ಕೂರುತ್ತಾನೆ. ತನಗೆ ಸಿಕ್ಕ ಉತ್ತರಕ್ಕೆ ಅವನೂ ಉತ್ತರ ಕೊಡಬೇಕಾಯಿತು. ಯೆಹೂದ್ಯರ ಆದಿಕಾಂಡದಲ್ಲಿ ಯಾಕೋಬ ರಾತ್ರಿಯಿಡೀ ಕುಸ್ತಿಯಾಡಿದ ಅಪರಿಚಿತ, ಹೆಸರು ಕೇಳಿದರೆ ಹೇಳುವುದಿಲ್ಲ. ಬದಲಿಗೆ ಯಾಕೋಬನಿಗೆ ಇಸ್ರೇಲ್ ಎಂಬ ಹೊಸ ಹೆಸರನ್ನೂ ಆಶೀರ್ವಾದವನ್ನೂ ಕೊಟ್ಟು ಹೋಗುತ್ತಾನೆ. ಒಂದು ಪರಂಪರೆಯ ದೇವರು ಹೆಸರನ್ನು ಬಚ್ಚಿಡುತ್ತಾನೆ, ಇನ್ನೊಂದರ ದೇವರು ಸಾವಿರ ಹೆಸರಿಗೆ ಮುಖಗೊಡುತ್ತಾನೆ. ಹೆಸರಿನಿಂದ ದೇವರನ್ನು ಹಿಡಿದು ಬಗ್ಗಿಸಲಾಗದು ಎಂಬುದರಲ್ಲಿ ಎರಡೂ ಒಂದೇ.

ಲೆ ಗ್ವಿನ್ ತಮ್ಮ ನಿಜನಾಮದ ಸಿದ್ಧಾಂತವನ್ನು ಮೂರು ದಶಕಗಳ ಕಾಲ ತಾವೇ ಶೋಧಿಸುತ್ತ ಹೋದರು ಎನ್ನುವುದೇ ಅವರ ಬಗ್ಗೆ ನನಗಿರುವ ಗೌರವಕ್ಕೆ ದೊಡ್ಡ ಕಾರಣ. ಮೊದಲ ಪುಸ್ತಕಗಳಲ್ಲಿ ಸತ್ತವರೆಲ್ಲ ಹೋಗಿ ಸೇರುವ ಒಣನಾಡಿನಲ್ಲಿ ಅವರ ಹೆಸರು ಉಳಿದಿರುತ್ತದೆ. ಹೆಸರು ಹಿಡಿದು ಕರೆದ ಮಾಂತ್ರಿಕನಿಗೆ ಅವರು ಬಾರದೆ ಇರಲಾರರು. ಆದರೆ ಪ್ರೀತಿಗಾಗಿ ಪ್ರಾಣ ಬಿಟ್ಟವರೂ ಅಲ್ಲಿ ಒಬ್ಬರನ್ನೊಬ್ಬರು ಗುರುತಿಸದೆ ಬೀದಿಯಲ್ಲಿ ಹಾದುಹೋಗುತ್ತಾರೆ. 2001ರ ‘ದಿ ಅದರ್ ವಿಂಡ್’ನಲ್ಲಿ ಆ ನಾಡಿನ ಗುಟ್ಟು ಬಯಲಾಗುತ್ತದೆ. ಹೆಸರನ್ನು ಕಳೆದುಕೊಳ್ಳದೆ ಅಮರರಾಗಬೇಕೆಂಬ ಆಸೆಯಿಂದ ಹಿಂದಿನ ಮಾಂತ್ರಿಕರೇ ಗೋಡೆ ಕಟ್ಟಿ ಮಾಡಿಕೊಂಡ ಜಾಗ ಅದು. ಸತ್ತವರು ಆಲ್ಡರ್ ಎಂಬ ಬಡ ಮಾಟಗಾರನ ಕನಸಿಗೆ ಬಂದು ತಮ್ಮನ್ನು ಬಿಡಿಸೆಂದು ಬೇಡುತ್ತಾರೆ, ಕೊನೆಗೆ ಗೋಡೆ ಬೀಳುತ್ತದೆ. ಅದಕ್ಕೆ ಹನ್ನೊಂದು ವರ್ಷ ಹಿಂದೆ ಬಂದ ‘ಟೆಹಾನು’ವಿನ ಅಂತ್ಯವನ್ನು ಇದರ ಪಕ್ಕಕ್ಕಿಟ್ಟು ಓದಬೇಕು. ಹೆತ್ತವರ ಕಡೆಯವರೇ ಬೆಂಕಿಗೆ ನೂಕಿದ, ಅರ್ಧ ಮುಖ ಸುಟ್ಟ ಹುಡುಗಿಯೊಬ್ಬಳನ್ನು ಟೆನಾರ್ ಸಾಕುತ್ತಾಳೆ. ಆಪತ್ತಿನ ಗಳಿಗೆಯಲ್ಲಿ ಆ ಹುಡುಗಿ ಕಲೆಸಿನ್ ಎಂಬ ಆದಿ ಡ್ರಾಗನ್ನನ್ನು ಕರೆಯುತ್ತಾಳೆ, ಅದು ಬಂದು ಅವಳನ್ನು ಟೆಹಾನು ಎಂಬ ನಿಜನಾಮದಿಂದ ಕೂಗುತ್ತದೆ, ತನ್ನವರಿರುವಲ್ಲಿಗೆ ಬರುವೆಯಾ ಎಂದು ಕೇಳುತ್ತದೆ. ಅರ್ಥ್‌ಸೀಯ ಹಳೆಯ ನಿಯಮದಂತೆ ಹಾಗೆ ಕರೆಸಿಕೊಂಡವರು ಹೋಗಲೇಬೇಕು. ಅವಳು ಗೆಡ್ ಮತ್ತು ಟೆನಾರ್ ಇರುವ ಮನೆಯಲ್ಲೇ ಉಳಿಯುತ್ತೇನೆ ಎನ್ನುತ್ತಾಳೆ, ಮತ್ತು ಡ್ರಾಗನ್ ಅದಕ್ಕೆ ಒಪ್ಪುತ್ತದೆ.